ಮೊದಲು ಮುಗಿಸಿದಾಕಿ

ಶಿವಗಂಗಾ ಲೆಕ್ಕ ಬೇಗ ಮುಗಿಸುತ್ತಿದ್ದಳು. ಜೋಳದಕಟ್ಟಿಯ ಸರ್ಕಾರಿ ಶಾಲೆಯಲ್ಲಿ ಅವಳು ಮಾಡಿದ ತಪ್ಪು ಅದೊಂದೇ.

ಏಳನೇ ಇಯತ್ತೆಗೆ ಗಣಿತ ಹೇಳುತ್ತಿದ್ದವರು ಹೆಡ್‌ಮಾಸ್ತರ ಸೋಮಲಿಂಗಪ್ಪ. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದು ಕೈಯ ಸುಣ್ಣ ಕೊಡವಿಕೊಳ್ಳುವುದರೊಳಗೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತಿತ್ತು. ಉಳಿದ ಮಕ್ಕಳು ಇನ್ನೂ ಅಂಕಿ ಇಳಿಸಿಕೊಳ್ಳುತ್ತಿರುತ್ತಿದ್ದರು.

"ನಿಂದ ಆತೇನ?"

"ಆತ್ರಿ ಸರ್."

"ಹಂಗಾರ ಸುಮ್ನ ಕುಂತ ಏನ ಮಾಡ್ತಿ? ಅಡಗಿ ಖೋಲಿಗೆ ಹೋಗು. ನಿಮ್ಮವ್ವಗ ಕೈಗೂಡ್ಸು."

ಅದೇ ಇಯತ್ತೆಯಲ್ಲಿ ಸಮರ್ಥ ಇದ್ದ. ಶಾಲೆಯ ಸಮಿತಿಗೆ ಅಧ್ಯಕ್ಷರಾಗಿದ್ದ ಚನ್ನನಗೌಡರ ಮೊಮ್ಮಗ. ಅವನೂ ಜಾಣ ಹುಡುಗನೇ. ಅವನು ಬೇಗ ಮುಗಿಸಿದ ದಿನ ಮಾಸ್ತರರು ಕಪಾಟಿನ ಕೀಲಿ ತೆಗೆದು ಒಂದು ಪುಸ್ತಕ ಕೊಡುತ್ತಿದ್ದರು. "ಇದನ್ನ ಓದಪಾ, ಮುಂದ ಉಪಯೋಗ ಆಗ್ತೈತಿ" ಎನ್ನುತ್ತಿದ್ದರು. ಕಪಾಟಿನ ತುಂಬ ಪುಸ್ತಕಗಳಿದ್ದವು. ಶಿವಗಂಗಾಗೆ ಸಿಕ್ಕದ್ದು ಪಾತ್ರೆ ತಿಕ್ಕುವ ತೆಂಗಿನ ನಾರು.

ಶಾಲೆಯ ಹಿಂದೆ ತಗಡು ಹೊದಿಸಿದ ಅಡುಗೆ ಕೋಣೆ. ಅವಳ ತಾಯಿ ರಾಮವ್ವ ಅಲ್ಲಿ ಬಿಸಿಯೂಟದ ಸಹಾಯಕಿ. ಅಕ್ಕಿ ಆರಿಸುವುದು, ಕಾಯಿಪಲ್ಯೆ ಹೆಚ್ಚುವುದು, ನೀರು ಹೊರುವುದು, ಬೇಯಿಸುವುದು, ದೊಡ್ಡ ಡಬರಿಗಳನ್ನು ಮಗ್ಗುಲು ಮಾಡಿ ತಲೆ ಒಳಗೆ ತೂರಿಸಿ ತಿಕ್ಕುವುದು, ಇಷ್ಟು ರಾಮವ್ವನ ಮತ್ತು ಮೈಮುನಬಿಯ ಪಾಲು. ಬಡಿಸಲು ಮಠದ ಓಣಿಯ ನೀಲವ್ವ ಬರುತ್ತಿದ್ದಳು. ರಾಮವ್ವ ಬಡಿಸುವ ಸವಟಿಗೆ ಕೈ ಹಾಕುವಂತಿರಲಿಲ್ಲ. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಅನ್ನ ಬಡಿಸಲು ಹೋದಾಗ ಮೇಲೋಣಿಯ ಮಕ್ಕಳು ತಾಟು ಹಿಂದಕ್ಕೆ ಎಳೆದುಕೊಂಡಿದ್ದವು. ಹಾಲುಹಲ್ಲಿನ ಕೂಸುಗಳು. ಮನೆಯಲ್ಲಿ ಕಲಿಸಿ ಕಳಿಸಿದ್ದರು. ಶಾಲೆಯಲ್ಲಿ ಯಾರೂ ಅವಕ್ಕೆ ಬೇರೆಯದನ್ನು ಕಲಿಸಲಿಲ್ಲ.

ಮಗಳು ಅಡುಗೆ ಕೋಣೆಗೆ ಬರತೊಡಗಿದಾಗ ರಾಮವ್ವನಿಗೆ ಮೊದಮೊದಲು ಖುಷಿಯೇ ಆಯಿತು. ಸೊಂಟ ಹಿಡಿದುಹೋಗಿತ್ತು. ಬಿಸಿ ಗಂಜಿ ಚೆಲ್ಲಿ ಮುಂಗೈ ಸುಟ್ಟಿತ್ತು. ಇನ್ನೆರಡು ಕೈ ಸಿಕ್ಕರೆ ಬೇಡವೆನ್ನುವುದು ಹೇಗೆ? ಹುಡುಗಿ ಬೆಂದ ತತ್ತಿ ಸುಲಿಯುತ್ತಿದ್ದಳು, ತಾಟು ಒರೆಸಿ ಇಡುತ್ತಿದ್ದಳು. ಮೈಮುನಬಿಗೆ ಮಾತ್ರ ಅದು ಸರಿಬರಲಿಲ್ಲ.

"ಏನ ಬೇ ರಾಮವ್ವ, ಸಾಲಿ ಕೂಸಿನ್ನ ಒಲಿ ಮುಂದ ಕೂಡ್ಸಿಕೊಂಡಿ?"

"ಮಾಸ್ತರ ಕಳಿಸ್ಯಾರಕ್ಕ. ಆಕೀದು ಮುಗದೈತಂತ."

"ಮುಗಿಯಾಕ ಅದೇನ ಬುತ್ತಿ ಗಂಟೇನ? ಓದೂದು ಮುಗೀತೈತೇನ?"

ರಾಮವ್ವ ನಕ್ಕು ಒಲೆಯ ಕಡೆ ತಿರುಗಿದಳು. ತಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದು ಮುಗಿಯುತ್ತದೋ ಇಲ್ಲವೋ ಅವಳಿಗೇನು ಗೊತ್ತು?

ಒಂದು ದಿನ ಶಿವಗಂಗಾ ಮುಖ ಊದಿಸಿಕೊಂಡು ಬಂದಳು. ತತ್ತಿಯ ಬುಟ್ಟಿ ಎಳೆದುಕೊಂಡು ಕುಳಿತಳು.

"ಏನಾತು?"

"ಸೊನ್ನಿಯಿಂದ ಯಾಕ ಭಾಗಿಸಬಾರ್ದ್ರಿ ಅಂತ ಸರ್‌ಗೆ ಕೇಳ್ದೆ. ಬಾರ್ದು ಅಂದ್ರ ಬಾರ್ದು ಅಂದ್ರು. ಯಾಕ್ರಿ ಅಂದೆ. ಬಾಳ ಶ್ಯಾಣಿ ಆಗಬ್ಯಾಡ, ಹೋಗಿ ಪಾತ್ರಿ ತಿಕ್ಕು ಅಂದ್ರು."

"ಹಿರ್ಯಾರಿಗೆ ಎದುರು ಮಾತಾಡಬಾರ್ದವ್ವ."

"ಎದುರಲ್ಲ ಯವ್ವ, ಕೇಳಿದ್ದು." ಸುಲಿದ ತತ್ತಿಗಳನ್ನು ಪರಾತದಲ್ಲಿ ಒತ್ತಟ್ಟಿಗೆ ಸರಿಸಿದಳು. ಮಾತಾಡುತ್ತಾ ಹೋದಂತೆ ಅವಳ ಮುಖ ತಿಳಿಯಾಯಿತು. "ಈಗ ಇಷ್ಟ ತತ್ತಿ ಅದಾವ. ನಾಕ ಮಂದಿಗೆ ಹಂಚಂದ್ರ ಹಂಚತೀನಿ. ಒಬ್ಬರಿಗೇ ಕೊಡಂದ್ರ ಎಲ್ಲಾ ಕೊಡತೀನಿ. ಮಂದೀನ ಇಲ್ಲ ಅಂದ್ರ? ತಲಿಗೆ ಎಷ್ಟ ಬಂದಾವಂತ ಹೆಂಗ ಕೇಳೂದು? ತಲೀನ ಇಲ್ಲಲ್ಲ! ಉತ್ತರ ಸೊನ್ನಿ ಅಲ್ಲ ಯವ್ವ. ಪ್ರಶ್ನೀನ ಹುಟ್ಟೂದಿಲ್ಲ."

ರಾಮವ್ವನಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ಮಗಳ ಕಣ್ಣು ನೋಡಿದಳು. ಆ ಕಣ್ಣಿನ ಬೆಳಕಿಗೆ ಎದೆ ತುಂಬಿ ಬಂತು. ಹಿಂದೆಯೇ ಒಂದು ಸಣ್ಣ ಮುಳ್ಳೂ ಚುಚ್ಚಿತು. ಈ ಮಾತು ಕೇಳಬೇಕಾದವರು ನಾನಲ್ಲ. ನನಗೆ ಹೇಳಿ ಈ ಹುಡುಗಿ ಏನು ಪಡೆದೀತು?

ಹಾಗೆ ಅನಿಸಿತು, ಅಷ್ಟೇ. ಎದ್ದು ಹೋಗಿ ಕೇಳಲಿಲ್ಲ. ಸಾರು ಉಕ್ಕುತ್ತಿತ್ತು.

ದಸರಾ ರಜೆ ಬರುವ ಮುಂಚೆಯೇ ಶಿವಗಂಗಾ ಅಡುಗೆ ಕೋಣೆಗೆ ಬರುವುದು ನಿಂತಿತು. ಮಾಸ್ತರರಿಗೆ ದೇವರು ಬುದ್ಧಿ ಕೊಟ್ಟ ಅಂದುಕೊಂಡಳು ರಾಮವ್ವ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಾಸ್ತರರು ರಾಮವ್ವನನ್ನು ಕರೆಸಿದರು. ಆಫೀಸಿನ ಹೊಸ್ತಿಲ ಹೊರಗೆ ನಿಂತ ಅವಳಿಗೆ ಅಲ್ಲಿಂದಲೇ ಹೇಳಿದರು.

"ನಿನ್ನ ಮಗಳ ತಲಿ ಎಲ್ಲಿ ಹೋಗೇತಿ? ಗಣಿತದಾಗ ಪಾಸ್ ಆಗಿದ್ದ ದೊಡ್ಡದು. ಮೊದ್ಲ ಏನೋ ಚುರುಕ ಇದ್ಲು. ನಿಮ್ಮ ಮಂದೀದು ಇಷ್ಟ ನೋಡು, ಹುರುಪು ಬಾಳ ದಿನ ನಡಿಯೂದಿಲ್ಲ."

ಒಳಗಿದ್ದ ಇನ್ನೊಬ್ಬ ಮಾಸ್ತರ ಚಹಾ ಕುಡಿಯುತ್ತಾ ತಲೆ ಆಡಿಸಿದ. ರಾಮವ್ವನ ಕಿವಿ ಕಾದವು. ಮಾಸ್ತರರ ಮೇಲೆ ಬರಬೇಕಿದ್ದ ಸಿಟ್ಟು ದಾರಿ ತಪ್ಪಿ ಮಗಳ ಮೇಲೆ ಹೋಯಿತು. ಸಂಜೆ ಮನೆಗೆ ಹೋದವಳೇ ರಟ್ಟೆ ಹಿಡಿದು ಬೆನ್ನಿಗೆ ಬಡಿದಳು.

"ನಿಮ್ಮಪ್ಪ ಅಣ್ಣಿಗೇರಿ ಮಾರ್ಕೆಟ್ಟಿನ್ಯಾಗ ಚೀಲಾ ಹೊತ್ತ ಹೆಗಲ ಮುರಕೊಳ್ಳಾಕತ್ತಾನ. ನಾ ಮಂದೀ ಎಂಜಲ ತಾಟ ತೊಳ್ಯಾಕತ್ತೀನಿ. ಯಾರ ಸಲುವಾಗಿ ಬೇ? ದಡ್ಡಿ ಆಗಾಕತ್ತಿ?"

ಹುಡುಗಿ ಅಳಲಿಲ್ಲ. ಹೊಡೆತ ಮುಗಿಯುವ ತನಕ ಕಾದಳು.

"ದಡ್ಡಿ ಆಗಿಲ್ಲ. ಬೇಕಂತ ತಪ್ಪ ಬರದೀನಿ."

"ಏನಂದಿ?"

"ಬರೋಬ್ಬರಿ ಬರದ್ರ ಹೊರಗ ಹಾಕ್ತಾರ. ತಪ್ಪ ಬರದ್ರ ಒಳಗ ಕುಂದ್ರಸ್ತಾರ." ಹುಡುಗಿ ಬೆನ್ನು ಸವರಿಕೊಂಡಳು. "ಗಣಿತ ಆದಿಂದ ವಿಜ್ಞಾನ ಇರತೈತಿ ಯವ್ವ. ನಾ ತಾಟ ತೊಳದ ಬರೂದ್ರಾಗ ಮುಗದಿರತೈತಿ. ಎಲಿಗೆ ಹಸರ ಬಣ್ಣ ಹೆಂಗ ಬರತೈತಿ, ಅದ ತಪ್ಪಿತು. ಕರೆಂಟಿನ ಪಾಠ ತಪ್ಪಿತು. ಅದಕ ಲೆಕ್ಕ ನಿಧಾನ ಮಾಡಾಕ ಕಲತೆ. ಮೊದ್ಲ ಮನಸಿನ್ಯಾಗ ಮಾಡಿ ಮುಗಿಸ್ತೀನಿ. ಆಮ್ಯಾಲ ಬರಿಯೂ ಮುಂದ ಒಂದ ಕಡೆ ಕೆಡಸ್ತೀನಿ. ಸಮರ್ಥ ಮುಗಿಸೂತನ ಪೆನ್ನ ಆಡಸ್ಕೋತ ಕುಂದರತೀನಿ."

ರಾಮವ್ವ ಕಟ್ಟೆಯ ಮೇಲೆ ಕೂತಳು. ಹೊಡೆದ ಕೈ ಉರಿಯುತ್ತಿತ್ತು. ಹಸಿದ ಮಕ್ಕಳು ಉಣ್ಣಲು ಹಟ ಮಾಡುವುದನ್ನು ಅವಳು ಕಂಡಿದ್ದಳು. ಪಾಠ ಕೇಳುವುದಕ್ಕಾಗಿ ತನ್ನ ಬುದ್ಧಿಯನ್ನೇ ಮುಚ್ಚಿಟ್ಟುಕೊಳ್ಳುವ ಕೂಸು ಇರುತ್ತದೆ ಎಂದು ಕಂಡಿರಲಿಲ್ಲ. ಅಂಥ ಕೂಸು ತನ್ನ ಹೊಟ್ಟೆಯಲ್ಲೇ ಹುಟ್ಟಿತ್ತು. ಆ ಕೂಸಿಗೇ ತಾನು ಹೊಡೆದಿದ್ದಳು. ಅದರ ಕೈಗೆ ನಾರು ಕೊಟ್ಟವಳೂ ತಾನೇ.

"ಇನ್ನ ಮ್ಯಾಲ ಕೆಡಸಬ್ಯಾಡ" ಅಂದಳು. "ಏನ ಬರತೈತಿ ಎಲ್ಲಾ ಬರಿ. ಯಾರ ಹೊರಗ ಹಾಕ್ತಾರ ನಾ ನೋಡ್ತೀನಿ."

ನೋಡುವ ದಿನ ಬೇಗ ಬಂತು. ಧಾರವಾಡದ ಒಂದು ಸಂಸ್ಥೆಯಿಂದ ಒಬ್ಬರು ಮೇಡಂ ಬರುವವರಿದ್ದರು. ಹಳ್ಳಿ ಶಾಲೆಗಳಲ್ಲಿ ವಿಶೇಷ ಬುದ್ಧಿಯ ಮಕ್ಕಳು ಯಾರಿದ್ದಾರೆಂದು ಹುಡುಕಿ, ಆಯ್ಕೆಯಾದವರಿಗೆ ರಜೆಯಲ್ಲಿ ಬೇರೆ ಪಾಠ, ಪ್ರಯೋಗ, ಊಟ ವಸತಿ ಎಲ್ಲ ಕೊಡುತ್ತಾರಂತೆ. ಶಾಲೆಯಿಂದ ಮೊದಲೇ ಹೆಸರು ಕಳಿಸಬೇಕು, ಮೇಡಂ ಬಂದು ಪರೀಕ್ಷೆ ಮಾಡುತ್ತಾರೆ. ಸುದ್ದಿ ತಿಳಿದ ರಾಮವ್ವ ಸೆರಗು ಹೊದ್ದು ಆಫೀಸಿಗೆ ಹೋದಳು. ಚನ್ನನಗೌಡರು ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅವಳು ಹೊಸ್ತಿಲಲ್ಲೇ ನಿಂತಳು.

"ಸರ್, ನಮ್ಮ ಶಿವಗಂಗಾನ ಹೆಸರ ಕೊಡ್ರಿ."

"ಯಾವುದಕ್ಕ?"

"ಮೇಡಂ ಅವರ ಪರೀಕ್ಷಾಕ್ರಿ."

ಮಾಸ್ತರರು ಗೌಡರ ಕಡೆ ನೋಡಿ ನಕ್ಕರು. "ಅರ್ಧವಾರ್ಷಿಕದಾಗ ಆಕಿ ಮಾರ್ಕ್ಸ್ ನೋಡೀಯೇನ? ನಾಳಿ ಮೇಡಂ ನನಗ ಬೈತಾರ."

"ಬೇಕಂತ ತಪ್ಪ ಬರದಾಳ್ರಿ. ಬರೋಬ್ಬರಿ ಬರದ್ರ ನೀವು ಪಾತ್ರಿ ತಿಕ್ಕಾಕ ಕಳಸ್ತೀರಿ, ಅದಕ. ಈಗ ಕರದು ಕೇಳ್ರಿ. ನಿಮ್ಮ ಮುಂದ ಮಾಡಿ ತೋರಸ್ತಾಳ."

ಗೌಡರು ಹೊಟ್ಟೆ ಕುಲುಕಿಸಿ ನಕ್ಕರು. "ಬೇಕಂತ ತಪ್ಪ ಬರದಾಳಂತ! ಕೇಳ್ರಿ ಮಾಸ್ತರ. ಇನ್ನ ನಮ್ಮ ಊರಾಗ ನಾಪಾಸ್ ಆದವ್ರೆಲ್ಲಾ ಶ್ಯಾಣ್ಯಾರ!" ನಗು ನಿಲ್ಲಿಸಿ ಅವಳತ್ತ ತಿರುಗಿದರು. "ರಾಮವ್ವ, ಬುದ್ಧಿ ಅನ್ನೂದು ಮನೆತನದಾಗ ಇರಬೇಕವ್ವ. ಕೂಸಿನ ತಲ್ಯಾಗ ಇಲ್ಲದ್ದ ತುಂಬಬ್ಯಾಡ. ನಾಕ ಅಕ್ಷರ ಕಲೀಲಿ, ಸಾಕು. ಆಕಿ ಡಬರಿ ಎಷ್ಟ ಚೆಂದ ಬೆಳಗತಾಳ, ನಾನ ನೋಡೀನಿ. ಮುಂದ ನಿನ್ನ ಕೆಲಸ ಆಕಿಗೇ ಕೊಡಸೂಣು."

ರಾಮವ್ವ ತಿರುಗಿ ಅಡುಗೆ ಕೋಣೆಗೆ ಬಂದು ಅಕ್ಕಿಯ ಮೊರಕ್ಕೆ ಕೈ ಹಾಕಿದಳು. ಕಲ್ಲು ಆರಿಸಿ ಆರಿಸಿ ಎಸೆದಳು. ಆಫೀಸಿನ ಮಾತೆಲ್ಲ ಮೈಮುನಬಿಗೂ ಕೇಳಿಸಿತ್ತು.

ಮೇಡಂ ಬರುವ ದಿನ ಶಾಲೆಗೆ ರಂಗೋಲಿ ಬಿತ್ತು. ಗೌಡರ ಮನೆಯಿಂದ ಗೋಧಿ, ಬೆಲ್ಲ ಬಂದವು. ಎಲ್ಲರಿಗೂ ಗೋಧಿ ಹುಗ್ಗಿ. ಬೆಳಗಿನಿಂದ ರಾಮವ್ವ ಡಬರಿಯ ಮುಂದೆ ನಿಂತು ಮರದ ಹುಟ್ಟು ಆಡಿಸುತ್ತಿದ್ದಳು. ಹುಗ್ಗಿ ಗಟ್ಟಿಯಾದಂತೆ ಹುಟ್ಟು ಭಾರವಾಗುತ್ತಿತ್ತು. ಭುಜದಿಂದ ಬೆನ್ನಿನ ತನಕ ಸೆಳೆಯುತ್ತಿತ್ತು. ಕೈ ಬಿಟ್ಟರೆ ತಳ ಹಿಡಿಯುತ್ತದೆ.

ಮೇಡಂ ಬಂದರು. ಕಾರಿನ ಬಾಗಿಲು ಹಾಕಿದ ಸದ್ದು, ಮಕ್ಕಳ ಚಪ್ಪಾಳೆ ಕೇಳಿದವು. ಸ್ವಲ್ಪ ಹೊತ್ತಿಗೆ ಶಿವಗಂಗಾ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಹೆಸರ ಇದ್ದವ್ರಷ್ಟ ಪರೀಕ್ಷಾಕ್ಕ ಕುಂದ್ರಬೇಕಂತ. ಉಳದವ್ರೆಲ್ಲಾ ಗಿಡದ ಕೆಳಗ ಹಾಡ ಹೇಳಾಕತ್ತಾರ. ನನಗ ತಾಟ ತೊಳದ ಇಡು ಅಂದ್ರು ಸರ್."

ಅವಳೇ ಹೋಗಿ ನಲ್ಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ತಾಟಿನ ಮೇಲೆ ತಾಟು. ಅವಳ ಬೆನ್ನೆಲುಬು ಅಂಗಿಯ ಒಳಗಿಂದ ಕಾಣುತ್ತಿತ್ತು. ಮುಖ ಸಹ ಸಪ್ಪಗೆ ಮಾಡಲಿಲ್ಲ. ಅಭ್ಯಾಸವಾದವರು ಕೂಡುವ ಹಾಗೆ ಕೂತಳು. ರಾಮವ್ವನಿಗೆ ಅದೇ ತಡೆಯಲಾಗಲಿಲ್ಲ. ಅತ್ತಿದ್ದರೆ ಅವಳು ಸಮಾಧಾನ ಮಾಡುತ್ತಿದ್ದಳು. ಈ ಹುಡುಗಿ ತನ್ನ ಹಾಗೆಯೇ ಕೂತಿದ್ದಳು. ಮೊಣಕಾಲು ಮಡಚಿದ್ದು, ತಲೆ ತಗ್ಗಿಸಿದ್ದು, ಎಲ್ಲ ಥೇಟು ತನ್ನದೇ.

ರಾಮವ್ವ ಹುಟ್ಟು ಕೈಬಿಟ್ಟಳು. ಅದು ಹುಗ್ಗಿಯಲ್ಲಿ ನಿಂತೇ ಇತ್ತು.

"ಏಳು."

"ಯವ್ವ, ಸರ್—"

"ಏಳು ಅಂದೆ!"

ಮಗಳ ಕೈಯೊಳಗಿನ ನಾರು ಕಿತ್ತು ಅಂಗಳಕ್ಕೆ ಎಸೆದಳು. ಒದ್ದೆ ಕೈ ಹಿಡಿದು ಎಳೆದುಕೊಂಡು ನಡೆದಳು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದಿಂದ ಹೊರಗೇ ನಿಂತಿದ್ದ ಶಾಲೆಯ ಹೊಸ್ತಿಲನ್ನು ದಾಟಿ, ಕೆಸರುಗಾಲಲ್ಲಿ ಏಳನೇ ಇಯತ್ತೆಯ ಕೋಣೆಗೆ ಹೊಕ್ಕಳು. ಸಮರ್ಥ ಮತ್ತು ಇನ್ನೊಬ್ಬ ಹುಡುಗ ಬೆಂಚಿನ ಮೇಲೆ ಬರೆಯುತ್ತಿದ್ದರು. ಮೇಡಂ ಕನ್ನಡಕ ಎತ್ತಿ ನೋಡಿದರು.

"ಇಕೀನ್ನೂ ಪರೀಕ್ಷಾಕ್ಕ ಕುಂದ್ರಸ್ರಿ" ಅಂದಳು ರಾಮವ್ವ.

ಮಾಸ್ತರರು ಧಾವಿಸಿ ಬಂದರು. "ಏ, ಹೊರಗ ನಡಿ! ಹುಗ್ಗಿ ಬಿಟ್ಟ ಯಾಕ ಬಂದಿ? ಸೀದ ಹೋಗ್ತೈತಿ."

"ಸೀಯಲಿ. ನನ್ನ ಮಗಳ ತಲಿ ಸೀಸಾಕತ್ತೀರಲ್ಲ, ಅದರ ವಾಸನಿ ಬಂದಿಲ್ಲೇನ ನಿಮಗ?"

"ಅಡಗಿ ಮಾಡಾಕಿ ರೀ ಮೇಡಂ. ತಲಿ ಸರಿ ಇಲ್ಲ."

"ತಲಿ ಬರೋಬ್ಬರಿ ಐತ್ರಿ ಮೇಡಂ." ರಾಮವ್ವನ ಧ್ವನಿ ತಾನಾಗಿ ಏರಿತು. "ಈ ಸಾಲ್ಯಾಗ ಗೌಡ್ರ ಹುಡುಗ ಮೊದ್ಲ ಮುಗಿಸಿದ್ರ ಪುಸ್ತಕ ಕೊಡ್ತಾರ. ನನ್ನ ಹುಡುಗಿ ಮೊದ್ಲ ಮುಗಿಸಿದ್ರ ನಾರ ಕೊಡ್ತಾರ. ನೀವು ಶ್ಯಾಣ್ಯಾ ಮಕ್ಕಳನ್ನ ಹುಡಕಾಕ ಬಂದೀರಿ ಹೌದಲ್ರಿ? ಒಬ್ಬಾಕಿ ನಳದ ಬುಡಕ ಕುಂತಿದ್ಲು. ನಿಮಗ ಕಾಣಲಿಲ್ಲ. ಅದಕ ನಾನ ಕರಕೊಂಡ ಬಂದೀನಿ."

ಮೇಡಂ ಶಿವಗಂಗಾನ ಒದ್ದೆ ಕೈ ನೋಡಿದರು. ಕೆಟ್ಟವರಲ್ಲ. ಅವರ ಮುಖ ಪೆಚ್ಚಾಯಿತು. ಆದರೆ ಬಾಯಿಂದ ಬಂದ ಮಾತು ಬೇರೆ.

"ಹೆಸರು ಶಾಲೆಯಿಂದಲೇ ಬರಬೇಕಮ್ಮ. ಮೊಬೈಲಿನಲ್ಲಿ ಹೆಸರು ತುಂಬೋ ಪಟ್ಟಿ ಮುಚ್ಚಿಬಿಟ್ಟಿದೆ. ಈಗ ಸೇರಿಸೋಕೆ ಬರೋದಿಲ್ಲ. ಮುಂದಿನ ವರ್ಷ ನೋಡೋಣ."

"ಈ ಸಾಲಿ ಏಳನೇ ಇಯತ್ತೆ ತನಕ ಅಷ್ಟ ಐತ್ರಿ. ಮುಂದಿನ ವರ್ಷ ಇಕಿ ಇಲ್ಲಿ ಇರೂದಿಲ್ರಿ."

ಮೇಡಂ ಕಾಗದ ಜೋಡಿಸತೊಡಗಿದರು. ಅಷ್ಟರಲ್ಲಿ ಹಿಂದಿನಿಂದ ಸೀದ ಬೆಲ್ಲದ ವಾಸನೆ ಬಂತು. ಮೈಮುನಬಿ ಹುಟ್ಟು ಮುಟ್ಟಿರಲಿಲ್ಲ. ಹುಗ್ಗಿ ಸೀದ ಮೇಲಷ್ಟೇ ಗ್ಯಾಸು ಆರಿಸಿ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನೀಲವ್ವ ಬಂದು ಬೈದರೆ "ನನ್ನ ಕೈನೂ ನೋಯಾಕತ್ತಾವ ಬೇ" ಎಂದಳಂತೆ.

ಮರುದಿನ ಗೌಡರು ರಾಮವ್ವನನ್ನು ಕರೆಸಿದರು. ಊರಿನ ಮಾನ ಕಳೆದೆ ಅಂದರು. ಮಾಸ್ತರರ ಕಾಲಿಗೆ ಬಿದ್ದು ತಪ್ಪಾಯಿತು ಅಂದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತೇವೆ ಅಂದರು.

"ತಪ್ಪ ಮಾಡಿಲ್ಲ" ಅಂದಳು.

"ಹಂಗಾರ ಮನಿ ಹಿಡಿ. ಹೋಗೂಕಿಂತ ಮೊದ್ಲ ಆ ಸೀದ ಡಬರಿ ತಿಕ್ಕಿಟ್ಟ ಹೋಗು."

"ನೀವ ತಿಕ್ರಿ. ಚೆಂದ ಬೆಳಗತೈತಿ."

ಹಿಂದಿರುಗಿ ನೋಡದೆ ಬಂದಳು. ಸಂಜೆ ಗಂಡ ಕನಕಪ್ಪ ಅಣ್ಣಿಗೇರಿಯಿಂದ ಬಂದ. ಹೆಗಲ ಮೇಲಿನ ಧೂಳು ಕೊಡವುತ್ತಾ ಎಲ್ಲ ಕೇಳಿಸಿಕೊಂಡ. "ಚಲೋ ಮಾಡಿದಿ" ಅಂದ. ಅಷ್ಟೇ ಅಂದು ಮಗಳ ಬಾಜು ಕೂತು ಅವಳ ವಿಜ್ಞಾನ ಪುಸ್ತಕದ ಚಿತ್ರಗಳನ್ನು ಒಂದೊಂದೇ ತಿರುವಿ ನೋಡಿದ.

ರಾಮವ್ವ ಕಡಲೆ ಕೀಳುವ ಕೂಲಿಗೆ ಹೋದಳು. ಎರೆ ಹೊಲದ ಬಿರುಕು, ಹಿಮ್ಮಡಿಯ ಬಿರುಕು. ಕಡಲೆ ಗಿಡದ ಹುಳಿ ಸುಟ್ಟ ಮುಂಗೈಗೆ ಹತ್ತಿ ಉರಿಯಿತು. ಸಾಲಿನಲ್ಲಿ ಅವಳ ಪಕ್ಕ ದುರ್ಗವ್ವ ಇದ್ದಳು. ಕೇರಿಗೆಲ್ಲ ಹಿರಿಯಳು. ಅವಳ ಮೊಮ್ಮಗ ಅದೇ ಶಾಲೆಯಲ್ಲಿ ಐದನೇ ಇಯತ್ತೆ.

ಶನಿವಾರ ಬೆಳಗಿನ ಶಾಲೆ. ಬಿಸಿಲು ನೆತ್ತಿಗೆ ಬರುವ ಮುಂಚೆಯೇ ಶಿವಗಂಗಾ ಪಾಟಿಚೀಲ ಹೊತ್ತು ಹೊಲದ ಬದುವಿನ ಮೇಲೆ ಬರುವುದು ಕಂಡಿತು. ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಲೆಕ್ಕ ಮೊದ್ಲ ಮುಗಿಸಿದೆ ಯವ್ವ. ಎಲ್ಲಾ ಬರೋಬ್ಬರಿ."

"ಮತ್ತ?"

"ಹೊರಗ ಹೋಗಿ ಕಸಾ ಹೊಡಿ ಅಂದ್ರು. ಹೋಗೂದಿಲ್ರಿ ಅಂದೆ. ಇದಕಿಂತ ಬಿರಸಿಂದ ಒಂದ ಲೆಕ್ಕ ಕೊಡ್ರಿ ಅಂದೆ."

"ಕೊಟ್ರ?"

ಹುಡುಗಿ ಅಂಗೈ ಬಿಡಿಸಿ ತೋರಿಸಿದಳು. ಬೆತ್ತದ ಬಾಸುಂಡೆ. ಒಂದರ ಮೇಲೊಂದು. ಬೆರಳು ಮಡಚಲು ಬರುತ್ತಿರಲಿಲ್ಲ. ಪೆನ್ನು ಹಿಡಿಯುವ ಬೆರಳು.

"ಹೊಡದ್ರೂ ಏಳಲಿಲ್ಲ" ಅಂದಳು. "ಗಂಟಿ ಬಾರ್ಸೂತನ ಅಲ್ಲೇ ಕುಂತೆ. ವಿಜ್ಞಾನ ಕೇಳ್ದೆ."

ರಾಮವ್ವನ ಕೈಯಲ್ಲಿದ್ದ ಗಿಡ ಕೆಳಗೆ ಬಿತ್ತು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿಯಲು ಹೋದಳು. ಕಡಲೆಯ ಹುಳಿ ನೆನಪಾಗಿ ಮೊದಲು ಸೀರೆಗೆ ಒರೆಸಿಕೊಂಡಳು. ಆಮೇಲೆ ಹಿಡಿದಳು.

ದುರ್ಗವ್ವ ಬಂದು ಬಗ್ಗಿ ನೋಡಿದಳು.

"ನಮ್ಮ ಹುಡುಗನ್ನ ಸಂಡಾಸ ತೊಳ್ಯಾಕ ಹಚ್ಚತಾರ. ನಾ ಸುಮ್ನಿದ್ದೆ" ಅಂದಳು. ಉಡಿಯೊಳಗಿನ ಕಡಲೆ ಕೊಡವಿದಳು. "ಎಲ್ಲಿಗೆ ಹೋಗೂಣು, ಹೇಳು."

"ಮೊದ್ಲ ಸಾಲಿಗೆ, ಮಾಸ್ತರ ಇನ್ನೂ ಅಲ್ಲೇ ಇರ್ತಾರ. ಆಮ್ಯಾಲ ಅಣ್ಣಿಗೇರಿ ಠಾಣೆಕ್ಕ" ಅಂದಳು ರಾಮವ್ವ.

ಸಾಲಿನ ಹೆಂಗಸರು ಒಬ್ಬೊಬ್ಬರೇ ಸೊಂಟ ಹಿಡಿದು ಮೇಲೆದ್ದರು. ಹೊಲದ ಮಾಲೀಕ ಬದುವಿನಿಂದ ಕೂಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರೆಮಣ್ಣಿನ ದಾರಿಯಲ್ಲಿ ಊರಿನ ಕಡೆ ನಡೆದರು. ಶಿವಗಂಗಾ ಅವರೆಲ್ಲರಿಗಿಂತ ಬಹಳ ಮುಂದಿದ್ದಳು. ನಿಧಾನ ಹೋಗು ಎಂದು ಯಾರೂ ಅವಳಿಗೆ ಹೇಳಲಿಲ್ಲ.